ಶಾಲೆಯಲ್ಲಿ ಟಾಪರ್ ಆಗಿದ್ದವರು ಯೂನಿವರ್ಸಿಟಿಗೆ ಬಂದ ಮೇಲೆ ಯಾಕೆ ಎಡವುತ್ತಾರೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಶಾಲೆ ಮುಗಿಯುವವರೆಗೂ ಕ್ಲಾಸಿಗೇ ಮೊದಲಿಗರಾಗಿದ್ದಿರಿ. ಯೂನಿವರ್ಸಿಟಿ ಸೇರಿ ನಾಲ್ಕು ತಿಂಗಳಾಗಿದೆ, ಪಾಠ ತಲೆಗೆ ಹತ್ತುತ್ತಿಲ್ಲ. ಉಳಿದವರೆಲ್ಲ ಆರಾಮಾಗಿರುವ ಹಾಗೆ ಕಾಣುತ್ತಿದೆ. ‘ಇದು ನನಗೊಬ್ಬನಿಗೇನಾ? ನಿಮಗೆಲ್ಲ ಹೇಗಿತ್ತು? ಬಿಟ್ಟುಬಿಡೋದೇ ಒಳ್ಳೆಯದಾ?’ ಅಂತ ಕೇಳಿದ್ದೀರಿ.

ನನಗೆ ಹೇಗಿತ್ತು ಅಂತ ಹೇಳುತ್ತೇನೆ. ನಾನು ಅರ್ಥಶಾಸ್ತ್ರ ಓದಿದವಳು. ಓದು ಮುಗಿದ ಮೇಲೆ ಎರಡು ವರ್ಷ, ಮೊದಲ ವರ್ಷದವರಿಗೆ ಟ್ಯುಟೋರಿಯಲ್ ಕ್ಲಾಸ್ ತೆಗೆದುಕೊಂಡೆ. ಹಾಗಾಗಿ ಈ ‘ನಾಲ್ಕನೇ ತಿಂಗಳು’ ಅನ್ನೋದನ್ನು ಬೆಂಚಿನ ಎರಡೂ ಕಡೆಯಿಂದ ನೋಡಿದ್ದೇನೆ.

ಮೊದಲ ದಿನ ಟೈಮ್‌ಟೇಬಲ್ ಕೈಗೆ ಬಂದಾಗ ನನಗೆ ಸಿಕ್ಕಾಪಟ್ಟೆ ಖುಷಿಯಾಗಿತ್ತು. ವಾರಕ್ಕೆ ಬರೀ 14 ಗಂಟೆ ಕ್ಲಾಸು. ಬುಧವಾರ ಮಧ್ಯಾಹ್ನದ ಮೇಲೆ ಪೂರ್ತಿ ಖಾಲಿ, ಶುಕ್ರವಾರ ಒಂದೇ ಒಂದು ಕ್ಲಾಸು. ಶಾಲೆಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಬೆಂಚಿಗೆ ಅಂಟಿಕೊಂಡಿದ್ದವಳಿಗೆ ಆ ಖಾಲಿ ಚೌಕಗಳೆಲ್ಲ ರಜೆ ಅನ್ನಿಸಿದವು. ಅವೂ ಕೆಲಸದ ಹೊತ್ತೇ ಅಂತ ಯಾರೂ ಹೇಳಲಿಲ್ಲ. ಅಥವಾ ಹೇಳಿರಬಹುದು, ಆ ದಿನದ ಭಾಷಣಗಳಲ್ಲಿ ನನ್ನ ಕಿವಿಗೆ ಬಿದ್ದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಯುರೋಪಿನ ಯೂನಿವರ್ಸಿಟಿಗಳು ಬಳಸುವ ಕ್ರೆಡಿಟ್ ಪದ್ಧತಿಯಲ್ಲಿ ಒಂದು ವರ್ಷದ ಪೂರ್ತಿ ಓದಿಗೆ 60 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಅಂದರೆ ವರ್ಷಕ್ಕೆ 1,500ರಿಂದ 1,800 ಗಂಟೆ. ನನ್ನ ಹಾಗೆ ವಾರಕ್ಕೆ 14 ಗಂಟೆ ಕ್ಲಾಸು 30 ವಾರ ನಡೆದರೂ ಆಗೋದು 420 ಗಂಟೆ. ಮಿಕ್ಕಿದ ಸಾವಿರಕ್ಕೂ ಜಾಸ್ತಿ ಗಂಟೆ ನಮ್ಮ ಪಾಲಿನದು. ಅದಕ್ಕೆ ಬೆಲ್ ಇಲ್ಲ, ಹಾಜರಿ ಇಲ್ಲ. ಬೇರೆ ಕಡೆ ಅಂಕಿ ಸ್ವಲ್ಪ ಆಚೀಚೆ ಇರಬಹುದು, ಕಥೆ ಮಾತ್ರ ಇದೇ.

ಜನ ಇದಕ್ಕೆ ‘ಟೈಮ್ ಮ್ಯಾನೇಜ್‌ಮೆಂಟ್ ಕಲಿತುಕೋ’ ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ. ನನಗೆ ಆ ಮಾತು ಕೇಳಿದರೇ ಸಿಟ್ಟು ಬರುತ್ತದೆ. ನಾನು ಬಣ್ಣಬಣ್ಣದ ಪೆನ್ನಲ್ಲಿ ನಾಲ್ಕು ಟೈಮ್‌ಟೇಬಲ್ ಮಾಡಿದ್ದೆ. ಗಂಟೆ ಇತ್ತು, ಆ ಗಂಟೆಯಲ್ಲಿ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿ.

ಶಾಲೆಯಲ್ಲಿ ‘ಇಷ್ಟು ಸಾಕು’ ಅಂತ ಹೇಳಲು ಯಾರಾದರೂ ಇರುತ್ತಿದ್ದರು. ಹೋಮ್‌ವರ್ಕ್ ನೋಡಿ ಸಹಿ ಹಾಕುತ್ತಿದ್ದರು. ಪಾಠ ಮುಗಿದ ತಕ್ಷಣ ಎಬ್ಬಿಸಿ ಪ್ರಶ್ನೆ ಕೇಳುತ್ತಿದ್ದರು. ತಿಂಗಳಿಗೊಂದು ಟೆಸ್ಟ್. ಎರಡು ಅಂಕ ಕಡಿಮೆಯಾದರೆ ‘ಏನಾಯ್ತು ನಿನಗೆ?’ ಅಂತ ವಿಚಾರಣೆ. ಆಗ ಅದೆಲ್ಲ ಕಾಟ ಅನ್ನಿಸುತ್ತಿತ್ತು. ಆದರೆ ಯಾವುದು ಬಂತು, ಯಾವುದು ಬರಲಿಲ್ಲ ಅಂತ ನನಗೆ ಗೊತ್ತಾಗುತ್ತಿದ್ದದ್ದೇ ಆ ಕಾಟದಿಂದ. ಯೂನಿವರ್ಸಿಟಿಯಲ್ಲಿ ಆರು ವಾರ ನಾನು ಏನೂ ಓದಲಿಲ್ಲ. ಯಾರೂ ಗದರಲಿಲ್ಲ, ಯಾರಿಗೂ ಗೊತ್ತೇ ಆಗಲಿಲ್ಲ. ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಅಂದುಕೊಂಡೆ. ಪಾಠದ ಕಷ್ಟಕ್ಕಿಂತ ನನ್ನನ್ನು ಕೆಡವಿದ್ದು ಈ ನಿಶ್ಶಬ್ದ.

ಓದಲಿಲ್ಲ ಅಂದೆ, ಬರೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಲೆಕ್ಚರಿನಲ್ಲಿ ಒಂದು ಮಾತೂ ತಪ್ಪಿಹೋಗಬಾರದು ಅಂತ ತಲೆ ಎತ್ತದೆ ಗೀಚುತ್ತಿದ್ದೆ. ಒಂದು ಗಂಟೆಗೆ ಒಂಬತ್ತು ಪುಟ ಆದದ್ದೂ ಉಂಟು. ಕೊನೆಯ ಎರಡು ಪುಟಗಳಲ್ಲಿ ನನ್ನ ಅಕ್ಷರ ನನಗೇ ಓದಲಾಗುತ್ತಿರಲಿಲ್ಲ. ಲೆಕ್ಚರ್ ಅನ್ನೋ ಪದದ ಮೂಲ ಲ್ಯಾಟಿನ್‌ನಲ್ಲಿ ‘ಓದುವುದು’ ಅಂತ. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಪುಸ್ತಕ ದುಬಾರಿ, ಹಾಗಾಗಿ ಮೇಷ್ಟ್ರು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ವಿದ್ಯಾರ್ಥಿಗಳು ಕೇಳುತ್ತಿದ್ದರು. ನನ್ನ ಲೈಬ್ರರಿಯಲ್ಲಿ ಅದೇ ಪುಸ್ತಕದ ಹತ್ತು ಪ್ರತಿ ಇದ್ದರೂ ನಾನು ಆ ಕಾಲದವಳ ಹಾಗೆ ನಕಲು ಮಾಡಿಕೊಳ್ಳುತ್ತಾ ಕೂತಿದ್ದೆ ನೋಡಿ.

ಪರೀಕ್ಷೆ ಹತ್ತಿರ ಬಂದಾಗ ಆ ನೋಟ್ಸನ್ನೇ ಮೂರು ಸಲ, ನಾಲ್ಕು ಸಲ ಓದಿದೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತಿತ್ತು. ಖಾಲಿ ಹಾಳೆ ಮುಂದಿಟ್ಟರೆ ಒಂದು ಸಾಲು ಹೊರಡುತ್ತಿರಲಿಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ ನೋಡಿದ್ದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದೆ ಹೋಗಿದ್ದರು. ಶಾಲೆಯಲ್ಲಿ ನನ್ನ ವಿಧಾನ ನಡೆದದ್ದು ಯಾಕೆ ಅಂತ ಇದನ್ನು ಓದಿದ ಮೇಲೆ ಹೊಳೆಯಿತು. ಪುಸ್ತಕ ಮುಚ್ಚಿಸುವ ಕೆಲಸವನ್ನು ಅಲ್ಲಿ ಮೇಷ್ಟ್ರು ಮಾಡುತ್ತಿದ್ದರು, ದಿನಾ ಎಬ್ಬಿಸಿ ಕೇಳುವ ಮೂಲಕ. ಇಲ್ಲಿ ನಾನೇ ಮುಚ್ಚಬೇಕಿತ್ತು.

ಆಮೇಲೆ ಮೊದಲ ಅಸೈನ್‌ಮೆಂಟ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ‘ಎಷ್ಟು ಬರೆದರೂ ಅಂಕ ಬರುತ್ತಿಲ್ಲ’ ಅನ್ನೋ ಮಾತೂ ಇದೆ. ಬೆಲೆ ಯಾಕೆ ಏರುತ್ತದೆ ಅನ್ನೋದು ವಿಷಯ. ಮೂರು ಪುಸ್ತಕ ತಂದು, ಮೂವರು ಹೇಳಿದ್ದನ್ನೂ ಒಂದೂ ಬಿಡದ ಹಾಗೆ ಜೋಡಿಸಿ ಬರೆದೆ. ಅಡಿಗೆರೆ, ಉಪಶೀರ್ಷಿಕೆ, ಎಲ್ಲಾ ಅಚ್ಚುಕಟ್ಟು. ಶಾಲೆಯಲ್ಲಾಗಿದ್ದರೆ ಎಲ್ಲರಿಗೂ ಎತ್ತಿ ತೋರಿಸುತ್ತಿದ್ದರು. 20ಕ್ಕೆ 11 ಬಂತು. ಕೆಂಪು ಶಾಯಿ ಎಲ್ಲೂ ಇಲ್ಲ, ಒಂದು ತಪ್ಪನ್ನೂ ತೋರಿಸಿಲ್ಲ. ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಒಂದು ಸಾಲು: ‘ಇವರು ಹೇಳಿದ್ದು ಗೊತ್ತಾಯಿತು. ನೀವೇನು ಹೇಳುತ್ತೀರಿ?’

ನನಗೆ ಅವಮಾನವಾಯಿತು, ಜೊತೆಗೆ ಅರ್ಥವೂ ಆಗಲಿಲ್ಲ. ಹದಿನೆಂಟು ವರ್ಷದ ನಾನು ಹೇಳೋದೇನಿದೆ? ಪುಸ್ತಕ ಬರೆದವರು ಅವರು. ಮೂವರಲ್ಲಿ ಇಬ್ಬರು ಒಬ್ಬರಿಗೊಬ್ಬರು ಒಪ್ಪುವುದೇ ಇಲ್ಲ ಅನ್ನೋದು ನನ್ನ ಕಣ್ಣಿಗೆ ಬಿದ್ದಿತ್ತು. ಅದನ್ನು ನನ್ನ ದಡ್ಡತನ ಅಂದುಕೊಂಡು, ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಮುಂದಕ್ಕೆ ಹೋಗಿದ್ದೆ. ಬರೆಯಬೇಕಾಗಿದ್ದದ್ದು ಅದನ್ನೇ! ಯಾರ ಮಾತಿಗೆ ಆಧಾರ ಗಟ್ಟಿ, ಯಾರದು ಎಲ್ಲಿ ಸಡಿಲ ಅಂತ.

ಹಾರ್ವರ್ಡ್‌ನಲ್ಲಿ ವಿಲಿಯಂ ಪೆರಿ ಅನ್ನುವ ಮನಃಶಾಸ್ತ್ರಜ್ಞರು ವರ್ಷಗಟ್ಟಲೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ‘ಈ ವರ್ಷ ನಿಮಗೆ ಎದ್ದು ಕಂಡದ್ದೇನು?’ ಅನ್ನುವ ಥರದ ಪ್ರಶ್ನೆ ಕೇಳಿ ಮಾತಾಡಿಸಿದ್ದರು. 1970ರಲ್ಲಿ ಅದು ಪುಸ್ತಕವಾಯಿತು. ಅವರು ಕಂಡದ್ದು ಹೆಚ್ಚುಕಡಿಮೆ ಹೀಗೆ. ಶುರುವಿನಲ್ಲಿ ಹುಡುಗರಿಗೆ ಪ್ರತಿ ಪ್ರಶ್ನೆಗೂ ಒಂದು ಸರಿ ಉತ್ತರ ಇದೆ, ಅದು ಮೇಷ್ಟ್ರ ಹತ್ತಿರ ಇದೆ ಅನ್ನೋ ನಂಬಿಕೆ. ಆಮೇಲೆ ದೊಡ್ಡವರೇ ಜಗಳ ಆಡೋದು ಕಂಡು ‘ಹಾಗಾದರೆ ಯಾರು ಏನು ಬೇಕಾದರೂ ಹೇಳಬಹುದು’ ಅನ್ನೋ ಹಂತ. ಅದನ್ನು ದಾಟಿದ ಮೇಲೆ, ಇರುವ ಆಧಾರ ನೋಡಿ ‘ನನಗೆ ಇದು ಸರಿ ಅನ್ನಿಸುತ್ತದೆ, ಕಾರಣ ಇದು’ ಅಂತ ನಿಲ್ಲುವುದು. ನನ್ನ 11 ಅಂಕದ ಹಾಳೆ ಮೊದಲ ಹಂತದ್ದು. ನಿಮ್ಮದನ್ನು ನಾನು ನೋಡಿಲ್ಲ, ಆದರೆ ಟ್ಯುಟೋರಿಯಲ್‌ನಲ್ಲಿ ನನ್ನ ಕೈಗೆ ಬಂದ ಹಾಳೆಗಳಲ್ಲಿ ಶಾಲೆಯ ಟಾಪರ್‌ಗಳದ್ದೇ ಜಾಸ್ತಿ ಹೀಗಿರುತ್ತಿದ್ದವು. ಓದಿದ್ದನ್ನು ಹಾಗೇ ಒಪ್ಪಿಸುವುದರಲ್ಲಿ ಗಟ್ಟಿಗರು ಅವರು. ಹಳೇ ದಾರಿ ಅಷ್ಟು ವರ್ಷ ಕೈಹಿಡಿದಿತ್ತಲ್ಲ, ಬಿಡೋದಕ್ಕೆ ಮನಸ್ಸೇ ಬರೋದಿಲ್ಲ.

‘ಬೇರೆಯವರೆಲ್ಲ ಆರಾಮಾಗಿದ್ದಾರೆ’ ಅಂತೀರಲ್ಲ. ನನ್ನ ಪಕ್ಕ ಒಬ್ಬ ಕೂರುತ್ತಿದ್ದ. ನಾನು ಒಂಬತ್ತು ಪುಟ ಗೀಚುವಾಗ ಅವನು ಪೆನ್ನನ್ನೇ ತೆಗೆಯುತ್ತಿರಲಿಲ್ಲ. ಸುಮ್ನೆ ಕೈಕಟ್ಟಿ ಬೋರ್ಡ್ ನೋಡುತ್ತಿದ್ದ. ಇವನಿಗೆ ಎಲ್ಲ ಮೊದಲೇ ಗೊತ್ತು, ನಾನೊಬ್ಬಳು ದಡ್ಡಿ ಅಂತ ವರ್ಷವಿಡೀ ಕೊರಗಿದ್ದೇನೆ. ಕೊನೆಯ ವರ್ಷದಲ್ಲಿ ಮಾತಿಗೆ ಮಾತು ಬಂದು ಕೇಳಿದರೆ, ‘ಏನು ಬರೆದುಕೊಳ್ಳಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ ಮಾರಾಯ್ತಿ. ನೀನು ಪುಟಗಟ್ಟಲೆ ಬರೆಯುತ್ತಿದ್ದೆಯಲ್ಲ, ನಿನಗೆಲ್ಲ ಅರ್ಥ ಆಗ್ತಿದೆ ಅಂದುಕೊಂಡಿದ್ದೆ’ ಅಂದ.

ಇದರ ಮೇಲೂ ಒಂದು ಪ್ರಯೋಗ ಇದೆ. 2011ರಲ್ಲಿ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಅನ್ನೋ ಮನಃಶಾಸ್ತ್ರಜ್ಞರು ಪ್ರಕಟಿಸಿದ್ದು. ಅಮೆರಿಕದ ಒಂದು ಕಾಲೇಜಿನ ಮೊದಲ ವರ್ಷದವರಿಗೆ ಸೀನಿಯರ್‌ಗಳ ಅನುಭವ ಓದಲು ಕೊಟ್ಟರು. ಶುರುವಿನಲ್ಲಿ ನಾವು ಇಲ್ಲಿಯವರಲ್ಲ ಅಂತ ನಮಗೂ ಅನ್ನಿಸಿತ್ತು, ಬರುಬರುತ್ತಾ ಸರಿಹೋಯಿತು ಅನ್ನುವಂಥವು. ಆಮೇಲೆ ಅವರಿಂದಲೇ, ಮುಂದೆ ಬರುವವರಿಗಾಗಿ ತಮ್ಮ ಅನುಭವ ಬರೆಸಿದರು. ಒಟ್ಟು ಒಂದು ಗಂಟೆಯ ಕೆಲಸ, ಅಷ್ಟೇ. ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳ ಅಂಕ ಮುಂದಿನ ಮೂರು ವರ್ಷಗಳಲ್ಲಿ ಏರುತ್ತಾ ಹೋಯಿತು. ‘ನಮ್ಮಂಥವರು ಇಲ್ಲಿಗೆ ಸಲ್ಲುತ್ತೇವಾ’ ಅನ್ನೋ ಅನುಮಾನ ಹೆಚ್ಚಾಗಿ ಕಾಡುತ್ತಿದ್ದದ್ದು ಅವರನ್ನೇ. ಬಿಳಿಯ ವಿದ್ಯಾರ್ಥಿಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹಾಗಾಗಿ ಇದನ್ನು ಎಲ್ಲರಿಗೂ ಮದ್ದು ಅಂತ ಮಾರುವವರನ್ನು ನಂಬಬೇಡಿ. ಆದರೆ ಕಷ್ಟ ಬಂದಾಗ ‘ಇದು ಮೊದಲ ವರ್ಷದ ಕಷ್ಟ’ ಅನ್ನೋದಕ್ಕೂ ‘ನಾನೇ ಇದಕ್ಕೆ ತಕ್ಕವನಲ್ಲ’ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ. ನಿಮ್ಮ ಪ್ರಶ್ನೆಯಲ್ಲಿ ನೀವು ಎರಡನೆಯದನ್ನು ಹೇಳಿಕೊಳ್ಳುತ್ತಿದ್ದೀರಿ.

ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ವಿಷಯವೇ ಇಷ್ಟ ಇಲ್ಲದಿದ್ದರೆ ಬಿಡೋದರಲ್ಲಿ ತಪ್ಪೇನಿಲ್ಲ, ಬಿಟ್ಟು ಬೇರೆಯದಕ್ಕೆ ಸೇರಿ ಚೆನ್ನಾಗಿರುವವರನ್ನು ಬಲ್ಲೆ. ಆದರೆ ಅದನ್ನು ನಾಲ್ಕನೇ ತಿಂಗಳಲ್ಲಿ, ಒಬ್ಬರನ್ನೂ ಏನೂ ಕೇಳದೆ ತೀರ್ಮಾನಿಸಬೇಡಿ. ನಿದ್ದೆ ಊಟ ಕೆಟ್ಟಿದ್ದರೆ ಮಾತ್ರ ಓದಿನ ಮಾತು ಆಮೇಲೆ, ಮೊದಲು ನಿಮ್ಮಲ್ಲಿರುವ ಕೌನ್ಸೆಲರ್ ಹತ್ತಿರ ಹೋಗಿ.

ಓದಿನದ್ದೇ ತೊಂದರೆ ಅಂದರೆ ಪಾಠ ಮಾಡುವವರ ಬಾಗಿಲು ತಟ್ಟಿ. ನಾನು ತಟ್ಟಲು ಮೂರು ಸಲ ಹೋಗಿ ಮೂರು ಸಲವೂ ಹೆಸರಿನ ಫಲಕ ಓದಿ ವಾಪಸ್ ಬಂದವಳು. ನಾಲ್ಕನೇ ಸಲ ಬಾಗಿಲು ಅರ್ಧ ತೆರೆದಿತ್ತು, ಅವರೇ ನೋಡಿಬಿಟ್ಟರು, ತಪ್ಪಿಸಿಕೊಳ್ಳಲು ಆಗಲಿಲ್ಲ.

‘ಏನು ಅರ್ಥ ಆಗಿಲ್ಲ?’ ಅಂದರು.

‘ಏನೂ ಅರ್ಥ ಆಗ್ತಿಲ್ಲ ಮೇಡಂ’ ಅಂದೆ. ಗಂಟಲು ಕಟ್ಟಿತ್ತು.

‘ಏನೂ ಅಂದರೆ, ಎಷ್ಟನೇ ಪುಟದಿಂದ?’

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಅವರು ತಮ್ಮ ಪುಸ್ತಕ ತೆಗೆದು ಮೊದಲಿನಿಂದ ಒಂದೊಂದೇ ಪುಟ ತಿರುವುತ್ತಾ ‘ಇದು?’ ‘ಇದು?’ ಅಂತ ಕೇಳುತ್ತಾ ಹೋದರು. ಹೂಂ, ಹೂಂ ಅನ್ನುತ್ತಿದ್ದವಳು 14ನೇ ಪುಟಕ್ಕೆ ಸುಮ್ಮನಾದೆ. ಒಂದು ಗ್ರಾಫ್, ಯಾವ ಬೆಲೆಗೆ ಎಷ್ಟು ಬೇಡಿಕೆ ಅಂತ ತೋರಿಸುವ ಗೆರೆ. ಬೆಲೆ ಬದಲಾದರೆ ಗೆರೆಯ ಮೇಲೆಯೇ ಸರಿಯುವುದು, ಬೇರೇನೋ ಬದಲಾದರೆ ಗೆರೆಯೇ ಜರುಗುವುದು. ಈ ಎರಡನ್ನೂ ಒಂದೇ ಅಂದುಕೊಂಡಿದ್ದೆ. ಆಮೇಲಿನ ಅಧ್ಯಾಯಗಳೆಲ್ಲ ಅದರ ಮೇಲೇ ನಿಂತಿದ್ದವು. ಬಿಡಿಸಿ ಹೇಳಲು ಅವರಿಗೆ ಹತ್ತು ನಿಮಿಷ ಹಿಡಿಯಿತು.

ಹಾಗಾಗಿ ಈ ವಾರ ಒಂದೇ ಒಂದು ವಿಷಯ ಆರಿಸಿಕೊಳ್ಳಿ. ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿರಿ. ಬರವಣಿಗೆ ಎಲ್ಲಿ ನಿಲ್ಲುತ್ತದೋ ಆ ಪುಟದ ನಂಬರ್ ಗುರುತು ಹಾಕಿಕೊಂಡು ಹೋಗಿ. ಪುಸ್ತಕವನ್ನೂ ಕೈಯಲ್ಲಿ ಹಿಡಿದುಕೊಂಡಿರಿ. ನಾನು ಬರಿಗೈಯಲ್ಲಿ ಹೋಗಿದ್ದೆ, ಮೇಡಂ ಮೇಜಿನ ಆ ಕಡೆಯಿಂದ, ನಾನು ಈ ಕಡೆಯಿಂದ, ಒಂದೇ ಪ್ರತಿಯನ್ನು ಇಬ್ಬರೂ ಕತ್ತು ತಿರುಗಿಸಿಕೊಂಡು ಓದಬೇಕಾಯಿತು.