ತಾಮ್ರವನ್ನು ಉಕ್ಕಾಗಿಸುವ ‘ಮರೆತುಹೋದ ವಿದ್ಯೆ’ ಇರಲೇ ಇಲ್ಲ

ಪ್ರಾಚೀನ ಲೋಹಗಳ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಹಿಂದೆ ಎರಡು ಬಾರಿ ಚುಟುಕಾಗಿ ಉತ್ತರಿಸಿದ್ದೆ. ಅದು ಸಾಲಲಿಲ್ಲವೆಂದು ಈ ಸಲದ ಪತ್ರಗಳೇ ಹೇಳುತ್ತಿವೆ. ಆದ್ದರಿಂದ ಹೆಚ್ಚಿನ ಜಾಗವನ್ನು ಆ ಒಂದು ಪ್ರಶ್ನೆಗೇ ಕೊಡುತ್ತಿದ್ದೇನೆ. ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ ಎಂಬಷ್ಟು ಓದುಗರಿಗೆ ಗೊತ್ತಿದೆ ಎಂದು ಭಾವಿಸಿ ಮುಂದುವರಿಯುತ್ತೇನೆ.

ಪ್ರಶ್ನೆ: ಪಿರಮಿಡ್ಡುಗಳ ಕಾಲದ ಈಜಿಪ್ಟಿನವರ ಬಳಿ ಕಬ್ಬಿಣದ ಉಪಕರಣಗಳಿರಲಿಲ್ಲ. ಆದರೂ ಅವರು ಗ್ರಾನೈಟ್ ಕಲ್ಲನ್ನು ಕೊಯ್ದಿದ್ದಾರೆ. ತಾಮ್ರವನ್ನು ಉಕ್ಕಿನಷ್ಟು ಗಟ್ಟಿಯಾಗಿಸುವ ವಿದ್ಯೆ ಅವರಿಗೆ ತಿಳಿದಿತ್ತು, ಈಗ ಅದು ಮರೆತುಹೋಗಿದೆ ಎಂದು ವಿಡಿಯೊ ಒಂದರಲ್ಲಿ ಹೇಳಿದರು. ನಿಜವೇ?

ಉತ್ತರ: ನಿಜವಲ್ಲ. ತಾಮ್ರವನ್ನು ಗಟ್ಟಿ ಮಾಡುವ ದಾರಿಗಳು ಆಗಲೂ ಇದ್ದವು, ಈಗಲೂ ಇವೆ, ಅವುಗಳಲ್ಲಿ ಒಂದೂ ಮರೆತುಹೋಗಿಲ್ಲ. ಮೊದಲನೆಯದು ಬಡಿತ. ದಪ್ಪ ತಾಮ್ರದ ತಂತಿಯೊಂದನ್ನು ಕೈಯಲ್ಲಿ ಬಾಗಿಸಿ ನೋಡಿ. ಮೊದಲ ಬಾಗು ಸಲೀಸು. ಅದನ್ನೇ ಮತ್ತೆ ನೇರ ಮಾಡಹೊರಟರೆ ಬಾಗಿದ ಜಾಗ ಸೆಟೆದು ನಿಲ್ಲುತ್ತದೆ. ತಣ್ಣಗಿರುವಾಗ ಸುತ್ತಿಗೆಯಿಂದ ಬಡಿದರೂ ಹೀಗೆಯೇ ಲೋಹ ಬಿರುಸಾಗುತ್ತದೆ. ಅತಿಯಾಗಿ ಬಡಿದರೆ ಸೀಳುತ್ತದೆ, ಅದಕ್ಕಾಗಿ ನಡುನಡುವೆ ಕೆಂಪಗೆ ಕಾಯಿಸಿ ಮೆತ್ತಗಾಗಿಸಿಕೊಳ್ಳಬೇಕು. ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ, ತಾಮ್ರ ಮೆದುವಾಗುತ್ತದೆ. ಬಿಂದಿಗೆ, ಹಂಡೆ ಬಡಿಯುವ ಪ್ರತಿಯೊಬ್ಬ ಕುಶಲಕರ್ಮಿಗೂ ಇದು ಗೊತ್ತು. ಆ ವಿಡಿಯೊ ಮಾಡಿದವರು ಅಂಥ ಒಬ್ಬರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತಿದ್ದರೆ ‘ಮರೆತುಹೋದ ವಿದ್ಯೆ’ಯ ಮಾತನ್ನು ಆಡುತ್ತಿರಲಿಲ್ಲ.

ಎರಡನೆಯದು ಬೆರಕೆ. ಮಹಾ ಪಿರಮಿಡ್ ಕಟ್ಟಿದ ಕ್ರಿ.ಪೂ. 26ನೆಯ ಶತಮಾನದ ಸುಮಾರಿಗೆ ಈಜಿಪ್ಟಿನ ಉಪಕರಣಗಳಲ್ಲಿ ತವರ ಅಪರೂಪ. ಹೆಚ್ಚಾಗಿ ಕಾಣುವುದು ಸ್ವಲ್ಪ ಆರ್ಸೆನಿಕ್ ಬೆರೆತ ತಾಮ್ರ. ಬಡಿದಾಗ ಇದು ಬರಿಯ ತಾಮ್ರಕ್ಕಿಂತ ಹೆಚ್ಚು ಬಿರುಸಾಗುತ್ತದೆ. (ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು. ಆರ್ಸೆನಿಕ್ ಹೊಗೆ ಪ್ರಾಣಾಂತಿಕ.) ತವರದ ಕಂಚು ಅಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದು ಹಲವು ಶತಮಾನಗಳ ನಂತರ. ಥೀಬ್ಸಿನಲ್ಲಿರುವ ರೆಖ್ಮಿರೆ ಎಂಬ ಮಂತ್ರಿಯ ಸಮಾಧಿಯ ಗೋಡೆಯ ಮೇಲೆ, ಕ್ರಿ.ಪೂ. 15ನೆಯ ಶತಮಾನದ ಎರಕದ ಕೆಲಸದ ಚಿತ್ರವಿದೆ. ಕೆಲಸಗಾರರು ಎರಡು ಕಾಲುಗಳಡಿಯ ತಿದಿಗಳನ್ನು ಸರದಿಯಂತೆ ತುಳಿಯುತ್ತಾ, ಒತ್ತಿದ ತಿದಿಯನ್ನು ಹಗ್ಗದಿಂದ ಮೇಲೆಳೆಯುತ್ತಾರೆ. ಮೂಸೆಯನ್ನು ಇಬ್ಬರು ಕೋಲುಗಳ ನಡುವೆ ಹಿಡಿದೆತ್ತುತ್ತಾರೆ. ಕರಗಿದ ಲೋಹವನ್ನು ದೊಡ್ಡ ಬಾಗಿಲಿನ ಅಚ್ಚಿಗೆ ಸುರಿಯುತ್ತಾರೆ. ತಮ್ಮ ವಿದ್ಯೆಯನ್ನು ಗೋಡೆಯ ಮೇಲೆ ಹೀಗೆ ಬಿಡಿಸಿಟ್ಟ ಜನರನ್ನು ಗುಟ್ಟು ಬಚ್ಚಿಟ್ಟವರು ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ಇನ್ನು ಕಲ್ಲು ಕೊಯ್ಯುವ ವಿಷಯ. ಇಲ್ಲಿ ಪ್ರಶ್ನೆಯ ಬುಡವೇ ತಪ್ಪು. ಗ್ರಾನೈಟಿನೊಳಗಿನ ಸ್ಫಟಿಕ ಶಿಲೆಯ ಹರಳು ಗಡಸುತನದ ಮೋಸ್ ಅಳತೆಯಲ್ಲಿ 7 ಇದ್ದರೆ ತಾಮ್ರ ಬರೀ 3. ತಾಮ್ರ ಹೇಗೋ ಮೆದುಗಬ್ಬಿಣದಷ್ಟು ಗಟ್ಟಿಯಾಯಿತು ಎಂದುಕೊಂಡರೂ ಅದು ಸ್ಫಟಿಕವನ್ನು ಕೊಯ್ಯಲಾರದು. ಗ್ರಾನೈಟನ್ನು ಕೊಯ್ದದ್ದು ತಾಮ್ರವಲ್ಲ, ಮರಳು. ಹಲ್ಲಿಲ್ಲದ ತಾಮ್ರದ ಪಟ್ಟಿಯನ್ನು ಕಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾ ಕೆಳಗೆ ಮರಳು ಸುರಿಯುತ್ತಿದ್ದರು. ಲೋಹ ಮೆದುವಾಗಿದ್ದುದರಿಂದಲೇ ಮರಳಿನ ಕಣಗಳು ಅದರೊಳಗೆ ಕಚ್ಚಿಕೊಂಡು ಕಲ್ಲನ್ನು ತೇಯುತ್ತಿದ್ದವು. ಪಟ್ಟಿಯೂ ಜೊತೆಜೊತೆಗೆ ಸವೆಯುತ್ತಿತ್ತು. ಇದು ಊಹೆಯಲ್ಲ: ಗೀಜಾದ ಗರಗಸದ ಸೀಳುಗಳಲ್ಲಿ ಹಸಿರು ಕಿಲುಬು ಹತ್ತಿದ ಮರಳಿನ ಕಣಗಳು ದೊರೆತಿವೆ, ಡೆನಿಸ್ ಸ್ಟಾಕ್ಸ್ ಎಂಬ ಬ್ರಿಟಿಷ್ ಸಂಶೋಧಕರು ತಾಮ್ರದ ಗರಗಸ ಮತ್ತು ಕೊಳವೆಗಳಿಂದ ಗ್ರಾನೈಟನ್ನು ಕೊಯ್ದು, ಕೊರೆದು ತೋರಿಸಿದ್ದಾರೆ. ನಮ್ಮ ಗ್ರಾನೈಟ್ ಕಾರ್ಖಾನೆಗಳ ಗ್ಯಾಂಗ್ ಸಾ ಯಂತ್ರ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಅಲ್ಲಿ ತಾಮ್ರದ ಬದಲು ಉಕ್ಕಿನ ಪಟ್ಟಿ, ಮರಳಿನ ಬದಲು ನೀರು, ಸುಣ್ಣದೊಂದಿಗೆ ಹರಿಯುವ ಉಕ್ಕಿನ ಹರಳು.

ಬಂಡೆಯನ್ನು ಗಣಿಯಿಂದ ಬಿಡಿಸಲು ಲೋಹವೇ ಬೇಕಿರಲಿಲ್ಲ. ಆಸ್ವಾನಿನಲ್ಲಿ ಅರ್ಧಕ್ಕೆ ಬಿಟ್ಟ, ಸುಮಾರು 42 ಮೀಟರ್ ಉದ್ದದ ಏಕಶಿಲಾ ಸ್ತಂಭವೊಂದು ಇಂದಿಗೂ ಬಂಡೆಗೆ ಅಂಟಿಕೊಂಡೇ ಮಲಗಿದೆ. ಸುತ್ತಲಿನ ಕಂದಕಗಳಲ್ಲಿ ಡಾಲರೈಟ್ ಎಂಬ ಕರಿಗಲ್ಲಿನ ಗುಂಡುಗಳು ಸಿಕ್ಕಿವೆ, ಕಂದಕದ ಗೋಡೆಗಳಲ್ಲಿ ಅವುಗಳಿಂದ ಜಜ್ಜಿದ ಬಟ್ಟಲಿನಾಕಾರದ ಗುಳಿಗಳು ಸಾಲಾಗಿವೆ. ಕೈಯಲ್ಲಿ ಕಲ್ಲು ಹಿಡಿದು, ಬಿಸಿಲಲ್ಲಿ ಮಂಡಿಯೂರಿ, ತಿಂಗಳುಗಟ್ಟಲೆ ಜಜ್ಜಿದವರ ಕೆಲಸ ಅದು. ಅವರ ದುಡಿಮೆಯನ್ನು ಅನ್ಯಗ್ರಹದವರಿಗೋ ಮಂತ್ರಲೋಹಕ್ಕೋ ಬರೆದುಕೊಡುವುದನ್ನು ನಾನು ಸಹಿಸಲಾರೆ.

ಪ್ರಶ್ನೆ: ಕಬ್ಬಿಣ ಕಂಚಿಗಿಂತ ಗಟ್ಟಿ ಎಂಬ ಕಾರಣಕ್ಕೇ ಕಂಚಿನ ಯುಗ ಮುಗಿಯಿತಲ್ಲವೇ?

ಉತ್ತರ: ಚೆನ್ನಾಗಿ ಬಡಿದ ಕಂಚು ಸಾಧಾರಣ ಮೆದುಗಬ್ಬಿಣಕ್ಕಿಂತ ಗಟ್ಟಿ. ಕಂಚಿನ ತೊಂದರೆ ಇದ್ದದ್ದು ತವರದಲ್ಲಿ. ತವರದ ಅದಿರು ಕೆಲವೇ ಕಡೆ ಸಿಗುತ್ತದೆ. ಟರ್ಕಿಯ ಉಲುಬುರುನ್ ಬಳಿ 1982ರಲ್ಲಿ ಪತ್ತೆಯಾದ, ಕ್ರಿ.ಪೂ. 14ನೆಯ ಶತಮಾನದ ಕೊನೆಯ ಹೊತ್ತಿಗೆ ಮುಳುಗಿದ ಹಡಗಿನಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ ಇದ್ದವು. ಕಂಚಿನ ಪಾಕಕ್ಕೆ ಸರಿಹೊಂದುವ ಈ ಲೆಕ್ಕ ದೂರದ ವ್ಯಾಪಾರದ ಮೇಲೆಯೇ ನಿಂತಿತ್ತು. ಕಬ್ಬಿಣದ ಅದಿರಾದರೋ ಊರೂರಲ್ಲಿ ಇತ್ತು.

ಪ್ರಶ್ನೆ: ಹರಪ್ಪದ ಚಿನ್ನವೆಲ್ಲ ಕೋಲಾರದ್ದೇ?

ಉತ್ತರ: ಸಾಬೀತಾಗಿಲ್ಲ. ಅಭಿಮಾನ ಪುರಾವೆಯಾಗದು.

ಪ್ರಶ್ನೆ: ನಮ್ಮ ಬಳಿ ಅಕ್ಕಿಯನ್ನು ಸೆಳೆಯುವ ಹಳೆಯ ತಾಮ್ರದ ಪಾತ್ರೆಯಿದೆ. ಸಿಡಿಲು ಬಡಿದು ಅದರಲ್ಲಿ ಇರಿಡಿಯಂ ಎಂಬ ಅಪರೂಪದ ಲೋಹ ಸೇರಿದೆ ಎನ್ನುತ್ತಾರೆ. ಬೆಲೆ ಎಷ್ಟು?

ಉತ್ತರ: ಗುಜರಿ ತಾಮ್ರದ ಬೆಲೆ. ಸಿಡಿಲಿನಿಂದ ಇರಿಡಿಯಂ ಹುಟ್ಟುವುದಿಲ್ಲ, ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲ. ‘ರೈಸ್ ಪುಲ್ಲಿಂಗ್’ ಎಂಬ ಈ ವಂಚನೆಗೆ ಜನ ಹೊಲ ಮನೆ ಮಾರಿದ್ದಾರೆ. ಪರೀಕ್ಷೆಗೆಂದು ಯಾರಾದರೂ ಮುಂಗಡ ಕೇಳಿದ್ದರೆ ಈ ದಿನವೇ ಪೊಲೀಸರಿಗೆ ದೂರು ಕೊಡಿ.

ಪ್ರಶ್ನೆ: ಅಜ್ಜಿಯ ಕಾಲದ ಕಂಚಿನ ವಿಗ್ರಹದ ಮೇಲೆ ಹಸಿರು ಬಂದಿದೆ. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೂ ಮತ್ತೆ ಬರುತ್ತಿದೆ. ಏನು ಮಾಡಲಿ?

ಉತ್ತರ: ಮೊದಲು ಉಪ್ಪು ನಿಲ್ಲಿಸಿ. ಗಟ್ಟಿಯಾಗಿ, ನುಣುಪಾಗಿ ಅಂಟಿಕೊಂಡ ಕಡುಹಸಿರು ಪದರ ಲೋಹಕ್ಕೆ ಕವಚವಿದ್ದಂತೆ, ಅದನ್ನು ಕೆರೆಯಬಾರದು. ಪುಡಿಯಾಗಿ ಉದುರುವ ತಿಳಿ ಹಸಿರಾದರೆ ಒಳಗೆ ಕ್ಲೋರೈಡ್ ಇದೆ ಎಂದು ಅರ್ಥ. ಗಾಳಿಯ ತೇವ ತಗುಲಿದಾಗಲೆಲ್ಲ ಅದು ಆಮ್ಲವಾಗಿ ಲೋಹವನ್ನು ತಿನ್ನುತ್ತದೆ, ಮತ್ತೆ ಕ್ಲೋರೈಡ್ ಆಗುತ್ತದೆ, ಮತ್ತೆ ತಿನ್ನುತ್ತದೆ. ನೀವು ಉಜ್ಜಿದ ಉಪ್ಪು ಅದಕ್ಕೆ ಮೇವು. ಇಂಥ ವಿಗ್ರಹಗಳ ಮುಖದ ಗೆರೆಗಳು ಅಳಿಸಿಹೋದ ಮೇಲೆ ನನ್ನ ಮೇಜಿಗೆ ಬಂದದ್ದುಂಟು, ಆಗ ನನ್ನಿಂದಲೂ ಏನೂ ಆಗುವುದಿಲ್ಲ. ವಿಗ್ರಹವನ್ನು ಒಣ ಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಲೋಹ ಸಂರಕ್ಷಣೆ ಬಲ್ಲವರಿಗೆ ತೋರಿಸುವವರೆಗೆ ಅಭಿಷೇಕವನ್ನು ಬೇರೆ ವಿಗ್ರಹಕ್ಕೆ ಮಾಡಿ.