ಸಂಪಾದಕರ ಉತ್ತರ: ಪಾಂಡವರ ಮನೆಯೂ ಲೈನ್ ಮನೆಯ ಹಿಂದಿನ ಗೋರಿಗಳೂ

ಮಾನ್ಯ ಓದುಗರೇ,

ಸೋಮವಾರಪೇಟೆ ಕಡೆಯಿಂದ ತಾವು ಬರೆದ ಪತ್ರವನ್ನು ಎರಡು ಸಲ ಓದಿದೆ. ನೆರೆಯ ಕಾಫಿ ತೋಟ ಮಾರಾಟವಾಗಿ, ಬಡಾವಣೆಗೆಂದು ದಿಣ್ಣೆಯನ್ನು ಸಮತಟ್ಟು ಮಾಡುವಾಗ ಜೆಸಿಬಿಗೆ ಚಪ್ಪಡಿ ಕಲ್ಲಿನ ಕೋಣೆಯೊಂದು ಸಿಕ್ಕಿ, ಅದರೊಳಗಿನ ಮಡಕೆಗಳು ಒಡೆದವೆಂದು ತಿಳಿಸಿದ್ದೀರಿ. ಅದೇ ತೋಟದ ಅಂಚಿನಲ್ಲಿ ಹಿಂದೆ ದುಡಿದ ಕಾರ್ಮಿಕರ ಗೋರಿಗಳೂ ಇವೆ ಎಂದಿದ್ದೀರಿ. ಅಧಿಕಾರಿಗಳಿಗೆ ತಿಳಿಸಿದರೆ ಸುತ್ತಲಿನವರ ಜಮೀನೂ ಕೈತಪ್ಪೀತೇ ಎಂಬುದು ತಮ್ಮ ಪ್ರಶ್ನೆ.

ತಾವು ವರ್ಣಿಸಿದ ಕಲ್ಲುಕೋಣೆ, ನಮ್ಮಲ್ಲಿ ಪಾಂಡವರ ಮನೆ ಎಂದು ಕರೆಯುತ್ತ ಬಂದಿರುವ ಬೃಹತ್ ಶಿಲಾಯುಗದ ಸಮಾಧಿಯಂತೆಯೇ ಕಾಣುತ್ತದೆ. ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು, ಕೆಲವಕ್ಕೆ ಒಂದು ಬದಿಯ ಕಲ್ಲಿನಲ್ಲಿ ಕೊರೆದ ದುಂಡು ಕಂಡಿ: ದಕ್ಷಿಣ ಭಾರತದ ಉದ್ದಗಲಕ್ಕೂ ಇಂಥವು ಸಿಕ್ಕಿವೆ, ಬಹುಪಾಲು ಎರಡು ಸಾವಿರ ವರ್ಷಗಳಿಗಿಂತ ಹಳೆಯವು. ವಿರಾಜಪೇಟೆಯ ಆಸುಪಾಸಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿಗಳು ಇಂಥ ಸಮಾಧಿಗಳನ್ನು ತೆರೆಸಿದ್ದರು. ಇಂಥ ಜಾಗದಲ್ಲಿ ಮಡಕೆಗಿಂತ ಮಡಕೆಯಿದ್ದ ಸ್ಥಾನ ಮುಖ್ಯ. ಯಾವ ಪಾತ್ರೆ ಯಾವ ಮೂಲೆಯಲ್ಲಿತ್ತು, ಅದರಡಿಯ ಮಣ್ಣಿನ ಬಣ್ಣವೇನು, ಮೂಳೆಯ ಚೂರು ಯಾವ ಪದರದಲ್ಲಿತ್ತು ಎಂಬುದರಿಂದಲೇ ಪುರಾತತ್ವಜ್ಞರು ಕಾಲವನ್ನೂ ಶವಸಂಸ್ಕಾರದ ಕ್ರಮವನ್ನೂ ಅರಿಯುತ್ತಾರೆ. ಆದ್ದರಿಂದ ಉಳಿದ ಚೂರುಗಳನ್ನು ಯಾರೂ ತೊಳೆಯದಿರಲಿ, ಮನೆಗೆ ಒಯ್ಯದಿರಲಿ.

ಇನ್ನು ಜಮೀನಿನ ಭಯ. ಕಲ್ಲುಗಳು ರಾತ್ರೋರಾತ್ರಿ ಮಾಯವಾಗುವುದು ಹೆಚ್ಚಾಗಿ ಈ ಭಯದಿಂದಲೇ ಎಂದು ನಾನು ನಂಬಿದ್ದೇನೆ. ಮಾಹಿತಿ ಕೊಟ್ಟ ಮಾತ್ರಕ್ಕೆ ಯಾವ ಜಾಗವೂ ಸಂರಕ್ಷಿತ ಸ್ಮಾರಕವಾಗುವುದಿಲ್ಲ. ಪ್ರಾಚೀನ ಸ್ಮಾರಕಗಳನ್ನು ಕಾಪಾಡುವ ಕೇಂದ್ರದ 1958ರ ಕಾಯ್ದೆಯಡಿ ಘೋಷಣೆಗೆ ಮೊದಲು ಎರಡು ತಿಂಗಳ ನೋಟಿಸು ಹೊರಡಿಸಿ, ಸಂಬಂಧಪಟ್ಟವರ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು. ಘೋಷಣೆಯಾದ ಮೇಲೂ ಒಡೆತನ ಮಾಲೀಕರಲ್ಲೇ ಉಳಿದು, ಒಪ್ಪಂದದ ಮೂಲಕ ಸ್ಮಾರಕವನ್ನು ಕಾಪಾಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಕೇಂದ್ರದ ಸಂರಕ್ಷಣೆ ದೊರೆತರೆ 2010ರ ತಿದ್ದುಪಡಿಯಂತೆ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ನಲ್ಲಿ ನಿಯಂತ್ರಣ ಇರುತ್ತದೆಂಬುದೂ ನಿಜ. ಇದನ್ನು ಮುಚ್ಚಿಟ್ಟು ತಮಗೆ ಧೈರ್ಯ ಹೇಳಲಾರೆ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆಯಿದೆ. ನನ್ನನ್ನು ಕಾಡುವ ಸಂಗತಿ ಬೇರೆ: ಈ ಎರಡೂ ಕಾಯ್ದೆಗಳ ಪಟ್ಟಿಗೆ ಸೇರದ ಸಮಾಧಿಗೆ, ಅದೆಷ್ಟೇ ಹಳೆಯದಾಗಿದ್ದರೂ, ಆ ರಕ್ಷಣೆ ಸಿಗುವುದಿಲ್ಲ.

ತೋಟದ ಅಂಚಿನ ಗೋರಿಗಳ ಪಾಡು ಇದಕ್ಕಿಂತ ಕಷ್ಟದ್ದು. ಮಡಿಕೇರಿಯ ಗದ್ದಿಗೆಯಲ್ಲಿ ರಾಜರ ಸಮಾಧಿಗಳಿಗೆ ಗುಮ್ಮಟಗಳಿವೆ. ಕೊಡವ ಒಕ್ಕಗಳ, ಅಂದರೆ ಮನೆತನಗಳ, ಸ್ಮಶಾನವಾದ ತೂಟ್‌ಂಗಳಕ್ಕೆ ಕೇಳುವ ಕುಟುಂಬದವರಿದ್ದಾರೆ. ತೋಟದ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಬದುಕಿ, ಅದರ ಹಿಂದಿನ ಮಣ್ಣಿಗೇ ಸೇರಿದವರಿಗೆ ಹೆಸರು ಕೆತ್ತಿದ ಕಲ್ಲಿಲ್ಲ, ಪಹಣಿಯಲ್ಲಿ ಒಂದು ಸಾಲೂ ಇಲ್ಲ. ತೋಟ ಕೈಬದಲಾಗಿ ಕೆಲಸದವರು ಚದುರಿದರೆ ಗೋರಿಯ ಗುರುತು ಹೇಳುವವರೂ ಇರುವುದಿಲ್ಲ. ಸಂಬಂಧಿಕರ ಮನಸ್ಸು ನೋಯುತ್ತದೆಂದು ತಿಳಿದೂ ಸಮಾಧಿ ಸ್ಥಳಕ್ಕೆ ಅತಿಕ್ರಮಿಸುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂನಂತೆ ಅಪರಾಧ. ಆದರೆ ದೂರು ಕೊಡಲು ಗೋರಿ ಅಲ್ಲಿತ್ತೆಂಬ ಸಾಕ್ಷ್ಯ ಬೇಕಲ್ಲವೇ? ಆ ಕುಟುಂಬಗಳ ಹಿರಿಯರು ಯಾರಾದರೂ ಹತ್ತಿರದ ಊರುಗಳಲ್ಲಿದ್ದರೆ ದಯವಿಟ್ಟು ಕರೆತಂದು, ಅವರು ತೋರಿಸಿದ ಜಾಗಗಳನ್ನು ಗುರುತು ಹಾಕಿ, ಅವರ ಹೇಳಿಕೆಯನ್ನು ಸಹಿಯೊಂದಿಗೆ ಬರೆದಿಡಿ. ಗೋರಿಗಳನ್ನು ಸ್ಥಳಾಂತರಿಸುವ ಮಾತು ಬಂದರೆ ಅದನ್ನು ತೀರ್ಮಾನಿಸಬೇಕಾದವರಲ್ಲಿ ಮೊದಲಿಗರು ಅವರೇ ಹೊರತು ತೋಟ ಕೊಂಡವರಲ್ಲ.

ಕೃಷಿ ಭೂಮಿಯನ್ನು ಬಡಾವಣೆಗೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂನಡಿ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಈ ಭೂಪರಿವರ್ತನೆಯ ಕಡತಕ್ಕೇ ತಮ್ಮ ಮನವಿ ಸೇರುವಂತೆ ನೋಡಿಕೊಳ್ಳಿ. ಸರ್ವೆ ನಂಬರು, ಅಳತೆಕೋಲು ಇಟ್ಟು ತೆಗೆದ ಚಿತ್ರಗಳು, ಕಲ್ಲುಕೋಣೆಯನ್ನೂ ಗೋರಿಗಳನ್ನೂ ಗುರುತಿಸಿದ ಕೈನಕ್ಷೆ ಅದರಲ್ಲಿರಲಿ. ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೂ ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಬಡಾವಣೆಗಳಲ್ಲಿ ಹೇಗೂ ಉದ್ಯಾನಕ್ಕೆಂದು ಜಾಗ ಬಿಡಬೇಕಾಗುತ್ತದೆ; ಆ ಜಾಗವನ್ನು ಸಮಾಧಿಗಳಿರುವಲ್ಲೇ ತೋರಿಸಿ ನಕ್ಷೆ ತಿದ್ದುವಂತೆ ಕೊಂಡವರನ್ನೂ ಕೇಳಿ ನೋಡಿ. ಮಳೆ ನಿಂತ ಮೇಲೆ ಯಂತ್ರ ಮತ್ತೆ ಬರುತ್ತದೆಂದು ಬರೆದಿದ್ದೀರಿ. ಮನವಿ ಅದಕ್ಕಿಂತ ಮೊದಲೇ ಮಡಿಕೇರಿ ತಲುಪಲಿ.

— ಸಂಪಾದಕ