ಸರ್ವರ್‌ನ ಪೂರ್ತಿ ಹೆಸರು ಕೋಡ್‌ನಲ್ಲಿ ಸರಿಯಾಗಿ ಸಿಗುತ್ತಿಲ್ಲ, ಯಾಕೆ?

ಪ್ರಶ್ನೆ: ಹಲವು ಲಿನಕ್ಸ್ ಸರ್ವರ್‌ಗಳಲ್ಲಿ ಓಡುವ ಒಂದು ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ. ಲಾಗ್‌ನ ಪ್ರತಿ ಸಾಲಿನಲ್ಲೂ ಆಯಾ ಸರ್ವರ್‌ನ ಪೂರ್ತಿ ಹೋಸ್ಟ್‌ನೇಮ್ ('ಡಿಬಿ1.ಎಕ್ಸಾಂಪಲ್.ಕಾಮ್' ಥರ ಡೊಮೇನ್ ಸಮೇತ ಇರುವ ಹೆಸರು) ಬರಬೇಕು. ಅದಕ್ಕೆ ಪೂರ್ತಿ ಹೆಸರು ಕೊಡುವ ಗೆಟ್‌ಎಫ್‌ಕ್ಯೂಡಿಎನ್ ಫಂಕ್ಷನ್ ಬಳಸಿದ್ದೇನೆ. ಒಂದು ಕಡೆ ಸರಿಯಾದ ಹೆಸರು ಬರುತ್ತದೆ, ಇನ್ನೊಂದು ಕಡೆ ಬರೀ ಚಿಕ್ಕ ಹೆಸರು, ಮತ್ತೊಂದು ಕಡೆ 'ಲೋಕಲ್‌ಹೋಸ್ಟ್'. ಕೆಲವೊಮ್ಮೆ ಪ್ರೋಗ್ರಾಂ ಶುರುವಾಗಲು ಹತ್ತು ಸೆಕೆಂಡ್ ಹಿಡಿಯುತ್ತದೆ. ಎಲ್ಲಿ ಎಡವಟ್ಟಾಗಿದೆ?

ಉತ್ತರ: ನಿಮ್ಮ ಕೋಡ್ ಸರಿಯಾಗೇ ಇದೆ. ಪೂರ್ತಿ ಹೆಸರು ಸಿಸ್ಟಂನೊಳಗೆ ಎಲ್ಲೋ ಬರೆದಿಟ್ಟಿರುತ್ತದೆ, ಫಂಕ್ಷನ್ ಅದನ್ನು ಓದಿ ಕೊಡುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಲಿನಕ್ಸ್‌ನಲ್ಲಿ ಹಾಗಿಲ್ಲ. ಕರ್ನಲ್ (ಸಿಸ್ಟಂನ ತಿರುಳು) ಇಟ್ಟುಕೊಂಡಿರುವುದು ಬೂಟ್ ಆಗುವಾಗ ಅದಕ್ಕೆ ಕೊಟ್ಟ ಒಂದು ಹೆಸರು ಮಾತ್ರ. ಗೆಟ್‌ಹೋಸ್ಟ್‌ನೇಮ್ ಕರೆದರೆ ಸಿಗುವುದೂ ಅದೇ. ಸಾಮಾನ್ಯವಾಗಿ ಅದು 'ಡಿಬಿ1' ಥರದ ಚಿಕ್ಕ ಹೆಸರು. ಅದರ ಮುಂದೆ 'ಎಕ್ಸಾಂಪಲ್.ಕಾಮ್' ಸೇರಬೇಕಾದರೆ ರಿಸಾಲ್ವರ್‌ನ್ನು (ಹೆಸರಿಗೆ ವಿಳಾಸ, ವಿಳಾಸಕ್ಕೆ ಹೆಸರು ಹುಡುಕಿಕೊಡುವ ವ್ಯವಸ್ಥೆ) ಕೇಳಬೇಕು. ಅಂದರೆ ಇದು ಪ್ರತಿ ಸಲ ಹುಡುಕಿ ತರುವ ಉತ್ತರ. ಹುಡುಕುವ ಜಾಗ ಬೇರೆಯಾದರೆ ಉತ್ತರವೂ ಬೇರೆ.

ಪೈಥಾನ್ ಮಾಡುವುದು ಇಷ್ಟು: ಮೊದಲು ಚಿಕ್ಕ ಹೆಸರು ತೆಗೆದುಕೊಳ್ಳುತ್ತದೆ. ಅದರ ಐಪಿ ವಿಳಾಸ ಹುಡುಕುತ್ತದೆ. ಆಮೇಲೆ ಆ ವಿಳಾಸಕ್ಕೆ ಯಾವ ಹೆಸರಿದೆ ಅಂತ ವಾಪಸ್ ಕೇಳುತ್ತದೆ. ಬಂದ ಹೆಸರುಗಳಲ್ಲಿ ಚುಕ್ಕಿ ಇರುವ ಮೊದಲನೆಯದನ್ನು ಆರಿಸುತ್ತದೆ. ಹುಡುಕಾಟವೇ ಕೈಕೊಟ್ಟರೆ ಎರರ್ ಕೊಡದೆ ಸುಮ್ನೆ ಚಿಕ್ಕ ಹೆಸರನ್ನೇ ದಾಟಿಸಿಬಿಡುತ್ತದೆ. ನಿಮ್ಮ ಎರಡನೇ ಸರ್ವರ್‌ನಲ್ಲಿ ಬಹುಶಃ ಆಗಿರುವುದು ಇದೇ.

'ಲೋಕಲ್‌ಹೋಸ್ಟ್' ಬರುವ ಕಡೆ ಇಟಿಸಿ ಡೈರೆಕ್ಟರಿಯ ಹೋಸ್ಟ್ಸ್ ಫೈಲ್ ತೆಗೆದು ನೋಡಿ. '127.0.0.1 ಲೋಕಲ್‌ಹೋಸ್ಟ್ ಡಿಬಿ1' ಅಂತ ಒಂದೇ ಸಾಲಿನಲ್ಲಿ ಯಾರೋ ಸೇರಿಸಿರುವ ಸಾಧ್ಯತೆ ಜಾಸ್ತಿ (127.0.0.1 ಅಂದರೆ ಸರ್ವರ್ ತನ್ನನ್ನೇ ಕರೆದುಕೊಳ್ಳುವ ವಿಳಾಸ). ಆ ಫೈಲ್‌ನಲ್ಲಿ ವಿಳಾಸದ ಪಕ್ಕದ ಮೊದಲ ಹೆಸರೇ ಮುಖ್ಯ ಹೆಸರು, ಉಳಿದವೆಲ್ಲ ಅಡ್ಡಹೆಸರು. ಹಾಗಾಗಿ ಡಿಬಿ1 ಯಾರು ಅಂತ ಕೇಳಿದರೆ 'ಲೋಕಲ್‌ಹೋಸ್ಟ್' ಅನ್ನುತ್ತದೆ. ಡೆಬಿಯನ್ ಅನ್ನುವ ಲಿನಕ್ಸ್ ಆವೃತ್ತಿ ಇದಕ್ಕೆಂದೇ 127.0.1.1 ವಿಳಾಸಕ್ಕೆ ಬೇರೆ ಸಾಲು ಇಡುತ್ತದೆ. ಅಲ್ಲಿ ಮೊದಲು 'ಡಿಬಿ1.ಎಕ್ಸಾಂಪಲ್.ಕಾಮ್', ಆಮೇಲೆ 'ಡಿಬಿ1' ಇರಬೇಕು. ಈ ಕ್ರಮ ತಿರುವುಮುರುವಾದರೂ ಪೈಥಾನ್ ಚುಕ್ಕಿ ಹುಡುಕಿಕೊಂಡು ಪೂರ್ತಿ ಹೆಸರು ಕೊಡುತ್ತದೆ. ಆದರೆ ಟರ್ಮಿನಲ್‌ನಲ್ಲಿ ಹೋಸ್ಟ್‌ನೇಮ್ ಕಮಾಂಡ್‌ಗೆ 'ಎಫ್' ಆಪ್ಷನ್ ಕೊಟ್ಟರೆ ಮೊದಲ ಹೆಸರನ್ನೇ, ಅಂದರೆ ಚಿಕ್ಕದನ್ನೇ ತೋರಿಸುತ್ತದೆ. ಒಂದೇ ಸರ್ವರ್, ಎರಡು ಉತ್ತರ! ಇದರಲ್ಲಿ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಆ ಹತ್ತು ಸೆಕೆಂಡ್. ಹೋಸ್ಟ್ಸ್ ಫೈಲ್‌ನಲ್ಲಿ ಹೆಸರು ಸಿಗದಿದ್ದರೆ ಪ್ರಶ್ನೆ ನೆಟ್‌ವರ್ಕ್‌ನಲ್ಲಿ ಹೆಸರು-ವಿಳಾಸಗಳ ಪಟ್ಟಿ ಇಟ್ಟುಕೊಂಡಿರುವ ಡಿಎನ್‌ಎಸ್ ಸರ್ವರ್‌ಗೆ ಹೋಗುತ್ತದೆ. ಅದು ಉತ್ತರಿಸದಿದ್ದರೆ ರಿಸಾಲ್ವರ್ 5 ಸೆಕೆಂಡ್ ಕಾದು ಇನ್ನೊಂದು ಸಲ ಕೇಳುತ್ತದೆ. ಡೀಫಾಲ್ಟ್ ಸೆಟ್ಟಿಂಗ್ ಹಾಗಿದೆ. ಲೆಕ್ಕ ಸರಿಹೋಯಿತು, ಅಲ್ವಾ? ದಯವಿಟ್ಟು ಲಾಗ್‌ನ ಪ್ರತಿ ಸಾಲಿಗೂ ಈ ಫಂಕ್ಷನ್ ಕರೆಯಬೇಡಿ. ಶುರುವಿನಲ್ಲಿ ಒಂದು ಸಲ ಕರೆದು ಉತ್ತರವನ್ನು ಇಟ್ಟುಕೊಳ್ಳಿ.

ಭಾಷೆ ಬದಲಿಸಿದರೆ ತಾಪತ್ರಯ ತಪ್ಪುವುದಿಲ್ಲ. ಜಾವಾದಲ್ಲಿ ಹಿಮ್ಮುಖ ಹುಡುಕಾಟ (ವಿಳಾಸದಿಂದ ಹೆಸರು ಹುಡುಕುವುದು) ಸೋತರೆ ಹೆಸರಿನ ಜಾಗದಲ್ಲಿ ಐಪಿ ವಿಳಾಸವೇ ಬರುತ್ತದೆ. ಕಂಟೇನರ್ (ಡಾಕರ್‌ನಂಥ ಸಾಧನ ಪ್ರೋಗ್ರಾಂಗೆ ಮಾಡಿಕೊಡುವ ಪ್ರತ್ಯೇಕ ಆವರಣ) ಒಳಗಂತೂ ಈ ಥರದ ಫಂಕ್ಷನ್‌ನ್ನು ನಂಬಲೇಬೇಡಿ. ನೀವಾಗಿ ಹೆಸರು ಕೊಡದಿದ್ದರೆ ಡಾಕರ್ ತನ್ನ ಕಂಟೇನರ್ ಐಡಿಯ ಮೊದಲ 12 ಅಕ್ಷರಗಳನ್ನೇ ಹೋಸ್ಟ್‌ನೇಮ್ ಮಾಡುತ್ತದೆ. ಹೊಸ ಕಂಟೇನರ್ ಸೃಷ್ಟಿಸಿದಾಗಲೆಲ್ಲ ಹೆಸರೂ ಹೊಸದು.

ನನ್ನ ಸಲಹೆ ಕೇಳಿದರೆ, ಹುಡುಕಿ ತಂದ ಹೆಸರನ್ನೇ ನಂಬಿಕೊಂಡು ಯಾವ ಮುಖ್ಯ ಕೆಲಸವನ್ನೂ ಮಾಡಬೇಡಿ. ಒಂದು ಸರ್ವರ್‌ಗೆ ಎರಡು ನೆಟ್‌ವರ್ಕ್ ಕಾರ್ಡ್ ಇದ್ದರೆ ಅದಕ್ಕೆ ಎರಡು ಪೂರ್ತಿ ಹೆಸರು ಇರಬಹುದು, ಎರಡೂ ಸರಿಯೇ. ಅದರಲ್ಲಿ ನಿಮಗೆ ಬೇಕಾದದ್ದು ಯಾವುದು ಅಂತ ಯಾವ ಫಂಕ್ಷನ್‌ಗೂ ತಿಳಿಯುವುದಿಲ್ಲ, ಸರ್ವರ್ ನೋಡಿಕೊಳ್ಳುವವರಿಗೆ ತಿಳಿದಿರುತ್ತದೆ. ಆದ್ದರಿಂದ ಕಾನ್ಫಿಗ್ ಫೈಲ್‌ನಲ್ಲಿ ಹೆಸರಿಗೆಂದು ಒಂದು ಜಾಗ ಇಡಿ. ಅಲ್ಲಿ ಬರೆದಿದ್ದರೆ ಅದೇ ಅಂತಿಮ. ಖಾಲಿ ಇದ್ದರೆ ಮಾತ್ರ ಹುಡುಕಿ. ಸಿಕ್ಕಿದ್ದರಲ್ಲಿ ಚುಕ್ಕಿ ಇಲ್ಲದಿದ್ದರೆ, ಅಥವಾ ಅದು 'ಲೋಕಲ್‌ಹೋಸ್ಟ್' ಅಂತ ಶುರುವಾದರೆ, ಲಾಗ್‌ನಲ್ಲಿ ಎಚ್ಚರಿಕೆ ಬರೆಯಿರಿ. ಲಾಗ್ ಸಾಲು ಯಾವ ಸರ್ವರ್‌ನದು ಅಂತ ಗುರುತಿಸುವುದಷ್ಟೇ ಉದ್ದೇಶವಾದರೆ ಗೆಟ್‌ಹೋಸ್ಟ್‌ನೇಮ್ ಸಾಕು. ಅದು ನೆಟ್‌ವರ್ಕ್ ಮುಟ್ಟುವುದೇ ಇಲ್ಲ. ಎರಡು ಸರ್ವರ್‌ಗೆ ಒಂದೇ ಹೆಸರು ಬರದಂತೆ ನೋಡಿಕೊಂಡರೆ ಆಯಿತು.

ಪ್ರಶ್ನೆ: ಸಿ ಭಾಷೆಯಲ್ಲಿ ಗೆಟ್‌ಹೋಸ್ಟ್‌ನೇಮ್‌ಗೆ ಎಷ್ಟು ದೊಡ್ಡ ಬಫರ್ (ಹೆಸರು ತುಂಬಿಸಿಕೊಳ್ಳುವ ಮೆಮೊರಿ ಜಾಗ) ಕೊಡಬೇಕು?

ಉತ್ತರ: 256 ಬೈಟ್ ಕೊಡಿ. ಲಿನಕ್ಸ್ ಕರ್ನಲ್‌ನ ಮಿತಿ 64 ಅಕ್ಷರ. 1987ರ ಡಿಎನ್‌ಎಸ್ ನಿಯಮದಲ್ಲಿ ಚುಕ್ಕಿಗಳ ನಡುವಿನ ಒಂದೊಂದು ತುಂಡಿಗೆ 63 ಬೈಟ್, ಇಡೀ ಹೆಸರಿಗೆ 255 ಬೈಟ್ ಮಿತಿ ಇದೆ. ಹೆಸರು ಬಫರ್‌ನಲ್ಲಿ ಹಿಡಿಸದೆ ತುಂಡಾದರೆ ಹೆಸರು ಮುಗಿಯಿತು ಅಂತ ತೋರಿಸುವ ಸೊನ್ನೆ ಬೈಟ್ ಕೊನೆಯಲ್ಲಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಬಫರ್‌ನ ಕೊನೆಯ ಬೈಟ್‌ಗೆ ನೀವೇ ಸೊನ್ನೆ ಹಾಕಿ.